ಹಳೆಯ ಬೆಂಗಳೂರಿನಲ್ಲಿ ಒಂದು ದಿನ

ಮೈಸೂರಿಗೆ ಹೋದವರು ಅರಮನೆಯನ್ನು ನೋಡಿ ಬರುತ್ತಾರೆ. ಹಂಪಿಗೆ ಹೋದವರು ಕಲ್ಲಿನ ರಥವನ್ನು ನೋಡಿ ಬರುತ್ತಾರೆ. ಬೆಂಗಳೂರಿಗೆ ಬಂದವರು ಮಾತ್ರ ನೆಂಟರ ಮನೆಯ ಊಟ, ಚಿಕ್ಕಪೇಟೆಯ ಸೀರೆ, ವಿಧಾನಸೌಧದ ಮುಂದೆ ನಿಂತು ತೆಗೆಸಿಕೊಂಡ ಒಂದು ಪಟ, ಇಷ್ಟರಿಂದಲೇ ತೃಪ್ತರಾಗಿ ರೈಲು ಹತ್ತುವುದುಂಟು. "ಈ ಊರಿನಲ್ಲಿ ನೋಡುವಂಥದ್ದೇನಿದೆ? ಒಂದು ಹೊಳೆಯೂ ಇಲ್ಲ" ಎಂಬ ಮಾತನ್ನು ಇಲ್ಲಿಯೇ ಹುಟ್ಟಿ ಬೆಳೆದವರ ಬಾಯಲ್ಲಿಯೂ ಕೇಳಬಹುದು. ಆದರೆ ಹಳೆಯ ಬೆಂಗಳೂರು ಮೋಟಾರಿನ ಕಿಟಕಿಯಿಂದ ಇಣುಕುವವರಿಗೆ ಮುಖ ತೋರಿಸುವ ಊರಲ್ಲ. ಅದನ್ನು ಕಾಣಲು ಒಂದು ದಿನದ ಬಿಡುವು, ಗಟ್ಟಿಯಾದ ಒಂದು ಜೊತೆ ಪಾದರಕ್ಷೆ, ಸಾಕಷ್ಟು ಹಸಿವು ಬೇಕು.

ನಸುಕಿನಲ್ಲಿಯೇ ಲಾಲ್‌ಬಾಗಿನಿಂದ ಹೊರಡುವುದು ಲೇಸು. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ ಇದು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಗೆ ಹೂವಿನ ಪ್ರದರ್ಶನದ ದಿನಗಳಲ್ಲಿ ಊರಿಗೆ ಊರೇ ನೆರೆಯುತ್ತದೆ. ಹೂವಿಗೆ ಮನಸೋತವರು ಕಾಲ ಕೆಳಗಿನ ಬಂಡೆಯನ್ನು ಮರೆಯಬಾರದು. ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತ ಈ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು. ಹಿಮಾಲಯ ಇದರ ಮುಂದೆ ನಿನ್ನೆ ಮೊನ್ನೆಯ ಕೂಸು. ಬಂಡೆಯಿಳಿದು ಬಂದರೆ ಮಾವಳ್ಳಿ ಟಿಫಿನ್ ರೂಮು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿದ ಜಾಣ್ಮೆ ಇಲ್ಲಿಯದೆಂದು ಪ್ರತೀತಿ. ಮುಂದೆ ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನ. ಹೆಸರು ವಿದ್ಯಾರ್ಥಿಗಳದಾದರೂ ಮಸಾಲೆ ದೋಸೆಗಾಗಿ ಕಾಯುವವರಲ್ಲಿ ತಾತಂದಿರೂ ಉಂಟು. ಒಂದೇ ಬೆಳಗಿಗೆ ಎರಡು ಫಲಾಹಾರವೇ ಎಂದು ಹುಬ್ಬೇರಿಸುವವರು ನಡೆದ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಅಲ್ಲಿಂದ ಹತ್ತು ನಿಮಿಷದ ನಡಿಗೆಗೆ ದೊಡ್ಡ ಬಸವಣ್ಣ. ಏಕಶಿಲೆಯಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ವಿಗ್ರಹ. ಕಡಲೆಕಾಯಿ ಹೊಲಗಳನ್ನು ಮೇಯ್ದ ಬಸವನನ್ನು ಸಮಾಧಾನಪಡಿಸಲು ರೈತರು ಮೊದಲ ಬೆಳೆಯನ್ನು ಒಪ್ಪಿಸಿದರೆಂಬ ಕಥೆಯಿದೆ. ಕಾರ್ತಿಕದ ಕಡೆಯ ಸೋಮವಾರದ ಪರಿಷೆಗೆ ಅದೇ ಮೂಲ. (ಕಡಲೆಕಾಯಿ ನಮ್ಮ ದೇಶಕ್ಕೆ ಬಂದದ್ದೇ ದಕ್ಷಿಣ ಅಮೆರಿಕದಿಂದ, ಆದುದರಿಂದ ಕಥೆಯ ವಯಸ್ಸನ್ನು ಹೆಚ್ಚು ಕೆದಕದಿರುವುದು ಮೇಲು.) ಈ ಬಸವನ ಪಾದದಡಿಯಲ್ಲಿ ವೃಷಭಾವತಿ ಹುಟ್ಟುತ್ತಾಳೆಂದು ಹಿರಿಯರು ನಂಬಿದ್ದರು. ಬೆಂಗಳೂರಿಗೆ ಹೊಳೆಯಿಲ್ಲವೆಂಬುದು ನಿಜವಲ್ಲ. ಇದ್ದ ಹೊಳೆ ಊರಿನ ಕೊಳೆನೀರನ್ನು ಹೊರುವ ಮೋರಿಯಾಗಿದೆ, ಅಷ್ಟೆ.

ಬಸವನಗುಡಿಯ ಬೀದಿಗಳು ಇಷ್ಟು ನೇರವಾಗಿ, ಇಷ್ಟು ಅಗಲವಾಗಿ ಇರುವುದೇಕೆಂದು ಪ್ರವಾಸಿಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಉತ್ತರ 1898ರಲ್ಲಿದೆ. ಆ ವರ್ಷ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಬಿಸಿಲು ಕಾಣದ ಓಣಿಗಳಲ್ಲಿ, ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಸಾವು ಸಲೀಸಾಗಿ ಸುಳಿದಾಡಿತು. ಜನ ಮನೆಗಳಿಗೆ ಬೀಗ ಜಡಿದು ಊರ ಹೊರಗೆ ಗುಡಿಸಲು ಹೂಡಿದರು. ಆಮೇಲೆ ಸರ್ಕಾರ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಎಂಬ ಎರಡು ಬಡಾವಣೆಗಳನ್ನು ರೂಪಿಸಿತು. ಅಗಲವಾದ ರಸ್ತೆ, ಬದಿಯಲ್ಲಿ ಸಾಲುಮರ, ಮನೆಯ ಸುತ್ತ ಗಾಳಿಯಾಡಲು ಬಯಲು. ಇಂದು ಯಾತ್ರಿಕರು ಮೆಚ್ಚುವ ಆ ನೆರಳು ಸಾವಿನ ಭಯದಿಂದ ಹುಟ್ಟಿದ್ದು. ಪ್ಲೇಗ್ ಮಾರಮ್ಮನ ಗುಡಿಗಳು ಊರಿನಲ್ಲಿ ಇನ್ನೂ ಇವೆ. ರೋಗ ಹೋಯಿತು, ದೇವಿ ಉಳಿದಳು. ಉಳಿಯದಿರುವುದು ಆ ಕಾಲದ ಮನೆಗಳು. ಹೆಂಚಿನ ಮಾಡು, ಕೆಂಪು ಗಾರೆಯ ಜಗುಲಿ, ಅಂಗಳದ ಪಾರಿಜಾತ ಒಂದೊಂದಾಗಿ ಮಾಯವಾಗಿ, ನಿವೇಶನದ ಅಂಚಿನವರೆಗೂ ಮಹಡಿಯ ಮೇಲೆ ಮಹಡಿ ಏಳುತ್ತಿದೆ. ಪೇಟೆಯ ಉಸಿರುಕಟ್ಟಿಗೆ ಹೆದರಿ ಓಡಿ ಬಂದವರ ಮರಿಮಕ್ಕಳು ಅದೇ ಉಸಿರುಕಟ್ಟನ್ನು ದುಡ್ಡು ಕೊಟ್ಟು ಕಟ್ಟಿಸಿಕೊಳ್ಳುತ್ತಿದ್ದಾರೆ. ಉಳಿದಿರುವ ಹಳೆಯ ಮನೆಗಳನ್ನು ನೋಡುವ ಆಸೆಯಿದ್ದವರು ತಡಮಾಡಬಾರದು.

ಬಿಸಿಲೇರಿದರೆ ಆಟೋ ಹಿಡಿದು ಚಾಮರಾಜಪೇಟೆಗೆ ಬರಬಹುದು. ಪ್ಲೇಗಿಗಿಂತ ಮೊದಲೇ, 1892ರಲ್ಲಿ, ರೂಪುಗೊಂಡ ಬಡಾವಣೆ ಇದು. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರ ಇಲ್ಲಿದೆ. ಸಮೀಪದಲ್ಲಿಯೇ 1791ರಲ್ಲಿ ಮುಗಿದ ಟಿಪ್ಪುವಿನ ಮರದ ಕಂಬಗಳ ಬೇಸಗೆಯ ಅರಮನೆ. ಬಳಿಯ ಮಾರುಕಟ್ಟೆಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಚಿಕ್ಕಪೇಟೆಯ ನೆಲದಡಿ ಸಾಗಿ, ಮೆಜೆಸ್ಟಿಕ್ಕನ್ನು ದಾಟಿ, ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಇಳಿಯಬಹುದು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಇರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಬಸ್ಸಿಗೆ ಕಾದು ನಿಂತವರಲ್ಲಿ ಎಷ್ಟು ಮಂದಿಗೆ ತಾವು ಕೆರೆಯೊಳಗಿದ್ದೇವೆಂಬ ಅರಿವಿದ್ದೀತು!

ಮಲ್ಲೇಶ್ವರದ ರಸ್ತೆಗಳಿಗೆ ಮರಗಳ ಹೆಸರು: ಒಂದು ಸಂಪಿಗೆ, ಒಂದು ಮಾರ್ಗೋಸಾ, ಎಂದರೆ ಬೇವು. ಎಂಟನೆಯ ಅಡ್ಡರಸ್ತೆಯ ಹೂವು ಹಣ್ಣಿನ ಸಂತೆಯಲ್ಲಿ ಸುತ್ತಿ, ಸಿ.ಟಿ.ಆರ್. ಎಂದು ಜನ ಕರೆಯುವ ಹೋಟೆಲಿನಲ್ಲಿ ಬೆಣ್ಣೆ ಮಸಾಲೆ ತಿಂದು, ಸಂಜೆಯ ಹೊತ್ತಿಗೆ ಕಾಡು ಮಲ್ಲೇಶ್ವರನ ಸನ್ನಿಧಿ ಸೇರಬೇಕು. ಶಿವಾಜಿಯ ಮಲಸಹೋದರ ಏಕೋಜಿ 17ನೆಯ ಶತಮಾನದಲ್ಲಿ ದತ್ತಿ ಬಿಟ್ಟ ದೇವರು ಇವನು. ಎದುರಿಗಿನ ಖಾಲಿ ನೆಲವನ್ನು 1997ರಲ್ಲಿ ಅಗೆದಾಗ ಮಣ್ಣಿನಡಿಯಿಂದ ಒಂದು ಕಲ್ಯಾಣಿ, ಕಲ್ಲಿನ ಮಂಟಪ, ನಂದಿ ಹೊರಬಂದವು. ಅಲ್ಲಿಯವರೆಗೆ ಅದರ ಮೇಲೆಯೇ ಜನ ನಡೆದಾಡುತ್ತಿದ್ದರು. ಇಂದು ನಂದಿತೀರ್ಥವೆಂದು ಹೆಸರಾದ ಆ ತಾಣದಲ್ಲಿ ಮೆಟ್ಟಿಲಿಳಿದು ಕುಳಿತರೆ ಬೀದಿಯ ಸದ್ದು ದೂರವಾಗುತ್ತದೆ. ನಂದಿಯ ಬಾಯಿಂದ ಸಣ್ಣ ಧಾರೆಯಾಗಿ ಇಳಿದ ನೀರು ಲಿಂಗವನ್ನು ತೋಯಿಸಿ, ಕಲ್ಯಾಣಿಯನ್ನು ಸೇರುತ್ತಲೇ ಇರುತ್ತದೆ.