ಏಳುನೂರೋ, ಐದು ಸಾವಿರವೋ?

ಮೂವತ್ತು ವರ್ಷಕ್ಕೂ ಮೀರಿ ಬ್ಯಾಂಕಿನ ಲೆಜರ್ ಬರೆದ ಕೈಗೆ ಎಪ್ಪತ್ತು ದಾಟಿದ ಮೇಲೆ ಕಥೆ ಬರೆಯುವ ಹುಚ್ಚು ಹಿಡಿಯಿತು. ಆರಿಸಿಕೊಂಡದ್ದು 1971ರ ಯುದ್ಧದಲ್ಲಿ ವಿಮಾನದಿಂದ ಜಿಗಿದ ಪ್ಯಾರಾಚೂಟ್ ಸೈನಿಕರ ಕಥೆ.

ಆಗ ನಾನು ಕುಂದಾಪುರದಲ್ಲಿ ಬಿ.ಕಾಂ. ವಿದ್ಯಾರ್ಥಿ. ಆಕಾಶದ ತುಂಬ ಬಿಳಿ ಕೊಡೆಗಳು ಇಳಿಯುತ್ತಿದ್ದ ಒಂದು ಫೋಟೋ ಕಣ್ಣಿನಲ್ಲೇ ಉಳಿದಿತ್ತು. ಐದು ಸಾವಿರ ಸೈನಿಕರು ಇಳಿದರಂತೆ ಎಂದು ಊರೆಲ್ಲ ಮಾತು. ಅದನ್ನೇ ಬರೆದು ಮೊಮ್ಮಗಳಿಗೆ ಓದಿ ಹೇಳಿದೆ. ಅವಳು ಮರುದಿನವೇ ಶಾಲೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಳು.

ಆಮೇಲೆ ಪುಸ್ತಕಗಳನ್ನು ತರಿಸಿ ಓದಿದೆ. ಎದೆ ಧಸಕ್ಕೆಂದಿತು. ಡಿಸೆಂಬರ್ 11ರ ಸಂಜೆ, ಐದು ಗಂಟೆಯ ಹೊತ್ತಿಗೆ, ಢಾಕಾದ ವಾಯವ್ಯಕ್ಕಿರುವ ಟಾಂಗೈಲ್ ಬಳಿ ಜಿಗಿದವರು ಸುಮಾರು ಏಳುನೂರು ಮಂದಿ. ಆ ಫೋಟೋ ಯುದ್ಧದ್ದೇ ಅಲ್ಲ. ಆಗ್ರಾದಲ್ಲಿ ಹಿಂದೆ ನಡೆದ ತಾಲೀಮಿನದ್ದು. ಸೇನೆಯ ಪ್ರಚಾರಾಧಿಕಾರಿ ಅದನ್ನು ಪತ್ರಿಕೆಗಳಿಗೆ ಕೊಟ್ಟಿದ್ದರು.

ಆದರೆ ಏಳುನೂರು ಮಂದಿ ಮಾಡಿದ ಕೆಲಸ ಸಣ್ಣದೇ? ಜಮಾಲ್‌ಪುರ, ಮೈಮನ್‌ಸಿಂಗ್ ಕಡೆಯಿಂದ ಢಾಕಾಕ್ಕೆ ಹಿಂದೆ ಸರಿಯುತ್ತಿದ್ದ ಪಾಕ್ ಸೈನ್ಯವನ್ನು ತಡೆಯಲು ಲೋಹಜಂಗ್ ನದಿಯ ಪೂಂಗ್ಲಿ ಸೇತುವೆ ಬೇಕಿತ್ತು. ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ 2ನೇ ಪ್ಯಾರಾ ಬೆಟಾಲಿಯನ್ ಆ ರಾತ್ರಿಯೇ ಅದನ್ನು ಹಿಡಿಯಿತು. ಸ್ಥಳೀಯ ಜನ ಮದ್ದುಗುಂಡಿನ ಪೆಟ್ಟಿಗೆ ಹೊತ್ತು ನೆರವಾದರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ. ಈ ಬೆಟಾಲಿಯನ್ನಿನ ಮೂಲ ಮರಾಠಾ ಲೈಟ್ ಇನ್‌ಫೆಂಟ್ರಿ. ಅದರ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಹಾಗಾಗಿ ನನ್ನ ಕಥಾನಾಯಕ ಬೆಳಗಾವಿ ಕಡೆಯ ಹುಡುಗ.

ಟಾಂಗೈಲ್ ನಾನು ಕಂಡದ್ದಿಲ್ಲ. ಬ್ರಹ್ಮಾವರ ದಾಟಿ ಮಾಬುಕಳ ಸೇತುವೆಯ ಹತ್ತಿರ ಮುಸ್ಸಂಜೆ ನಿಂತು, ಕತ್ತಲಲ್ಲಿ ಎಷ್ಟು ದೂರ ಕಾಣುತ್ತದೆಂದು ನೋಡಿದೆ. ಬೈಂದೂರಿನ ಒತ್ತಿನೆಣೆಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಕರವಸ್ತ್ರದ ನಾಲ್ಕು ಮೂಲೆಗೆ ದಾರ ಕಟ್ಟಿ, ಕಲ್ಲು ತೂಗಿಸಿ ಎಸೆದೆವು. ಕಡಲ ಗಾಳಿ ಅದನ್ನು ಎಲ್ಲಿಗೋ ಒಯ್ದಿತು. ಹೊಸ ಕರವಸ್ತ್ರ, ಮನೆಯಲ್ಲಿ ಬೈಗುಳ ಬೇರೆ! ಸೈನಿಕರೂ ಹೀಗೆಯೇ ಚದುರಿ ಬೀಳುತ್ತಾರೆ. ವಿಮಾನದೊಳಗಿನ ತಂತಿಗೆ ಸಿಕ್ಕಿಸಿದ ಪಟ್ಟಿ, ಜಿಗಿದೊಡನೆ ಬೆನ್ನಿನ ಕೊಡೆಯನ್ನು ಎಳೆದು ಬಿಡಿಸುತ್ತದೆ. ಆಮೇಲೆ ಎಲ್ಲಿಗೆ ಒಯ್ಯುವುದು ಎಂಬುದು ಬಹುಪಾಲು ಗಾಳಿಯ ಮರ್ಜಿ.

ತಪ್ಪು ಒಪ್ಪಿಕೊಂಡಾಗ ಮೊಮ್ಮಗಳ ಮುಖ ಸಣ್ಣದಾಯಿತು. "ಆ ಹುಡ್ಗನ್ನ ನೀವೇ ಹುಟ್ಟಿಸ್ದ್ರಿ ಅಲ್ದಾ ಅಜ್ಜಯ್ಯ? ಹಂಗಾರೆ ಐದ್ ಸಾವ್ರ ಇದ್ರೆ ಎಂತ ತಪ್ಪ್?"

ತಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಗನನ್ನು ಯಾರೂ ನಿಜವೆಂದು ನಂಬುವುದಿಲ್ಲ, ಆದರೆ ಲೆಕ್ಕವನ್ನು ನೀನೇ ನಂಬಿ ಶಾಲೆಗೆ ಒಯ್ದೆಯಲ್ಲ ಮಗಾ, ಎಂದೆ. ಮರುದಿನ ಅವಳ ಜೊತೆ ನಾನೂ ತರಗತಿಗೆ ಹೋಗಿ ಏಳುನೂರು ಎಂದು ತಿದ್ದಿ ಬಂದೆ. ಚಪ್ಪಾಳೆ ಬೀಳಲಿಲ್ಲ. ಫೋಟೋದ ಕಥೆ ಹೇಳಿದಾಗ ಮಾತ್ರ ಹುಡುಗರು ಬೆಂಚಿನಿಂದ ಎದ್ದು ಮುಂದೆ ಬಂದರು.

ಬರೆದಿದ್ದ ಏಳು ಹಾಳೆ ಹರಿದು ಮತ್ತೆ ಶುರು ಮಾಡಿದ್ದೇನೆ. ಈಗ ನನ್ನ ಹುಡುಗ ಕತ್ತಲಲ್ಲಿ ಒಂದು ಕೆರೆಗೆ ಬಿದ್ದಿದ್ದಾನೆ. ನಿನ್ನೆ ಅಲ್ಲಿಯವರೆಗೆ ಓದಿದಾಗ ಮೊಮ್ಮಗಳು ಕೇಳಿದಳು: "ಅವ್ನಿಗೆ ಈಜುಕೆ ಬತ್ತಾ ಅಜ್ಜಯ್ಯ?"

ಅದನ್ನು ನಾನು ಯೋಚಿಸಿರಲೇ ಇಲ್ಲ.