ಹುಲಿಗಾಗಿ ಸೋಲಿಗರು ಹೊರಗೆ ಹೋಗಬೇಕೇ?

‘ಹುಲಿ ಉಳಿಯಬೇಕಾದರೆ ಕಾಡಿನಲ್ಲಿ ಮನುಷ್ಯರು ಇರಬಾರದು.’ ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ನಾನು ಈ ವಿಷಯದ ಪರವಾಗಿ ಮಾತನಾಡಿದ್ದೆ. ಬಹುಮಾನವೂ ಬಂತು. ಆಮೇಲೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಗ್ಗೆ ಓದಿದಾಗ, ನನ್ನ ವಾದ ಅರ್ಧಕ್ಕೇ ಕುಸಿಯಿತು.

ಚಾಮರಾಜನಗರ ಜಿಲ್ಲೆಯ ಈ ಬೆಟ್ಟ 1974ರಲ್ಲಿ ವನ್ಯಜೀವಿ ಧಾಮವಾಯಿತು. ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು. ಚದುರಿದ್ದ ಪೋಡುಗಳ ಜನರನ್ನು ಒಂದೆಡೆ ನೆಲೆಗೊಳಿಸಲಾಯಿತು. ಬೇಟೆ ನಿಂತದ್ದು ಸರಿಯೇ ಎಂದು ನಾನು ಈಗಲೂ ಹೇಳುತ್ತೇನೆ.

ಆದರೆ ಬೆಂಕಿಯ ವಿಷಯ ಬೇರೆ. ಬೇಸಿಗೆ ಬಲಿಯುವ ಮೊದಲೇ ಸೋಲಿಗರು ನೆಲದ ಒಣ ಎಲೆಗಳಿಗೆ ಬೆಂಕಿ ಹಾಕುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಎನ್ನುತ್ತಾರೆ. ನೆಲಮಟ್ಟದಲ್ಲಿ ಹರಿದು ಬೇಗ ಆರುವ ಬೆಂಕಿ ಅದು. ನೆಲದ ಮೇಲೆ ಉರುವಲು ಸೇರಿಕೊಳ್ಳುವುದಿಲ್ಲ, ಹೊಸ ಹುಲ್ಲು ಬರುತ್ತದೆ. ಈ ಬೆಂಕಿಗೆ ನಿಷೇಧ ಬಂದ ಮೇಲೆ ಲಂಟಾನ ಪೊದೆ ಕಾಡನ್ನು ಆವರಿಸಿತು, ನೆಲ್ಲಿ ಮರಗಳಿಗೆ ‘ಉಪ್ಪಿಲು’ ಎಂಬ ಪರಾವಲಂಬಿ ಗಿಡ ಹತ್ತಿತು ಎಂಬುದು ಅವರ ಮಾತು. ಲಂಟಾನ ಹಬ್ಬಿದ್ದನ್ನು ಸಂಶೋಧಕರೂ ದಾಖಲಿಸಿದ್ದಾರೆ. ಕಾಡ್ಗಿಚ್ಚು ಎಂದರೆ ನಾಶ ಎಂದಷ್ಟೇ ಪಠ್ಯದಲ್ಲಿ ಓದಿದ್ದ ನನಗೆ ಇದು ಹೊಸದು. (ಯಾರು ಬೇಕಾದರೂ ಯಾವಾಗ ಬೇಕಾದರೂ ಬೆಂಕಿ ಹಚ್ಚಬಹುದು ಎಂದು ಇದರ ಅರ್ಥವಲ್ಲ!)

ಇನ್ನೊಂದು ಸಂಗತಿ. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ‘ಎಲ್ಲೆ’ ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ನೀರಿನ ಅಬ್ಬಿ, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ ಇರುತ್ತವೆ. ಭಾರ್ಗವಿ ಹೊಳೆಯ ಹತ್ತಿರದ ದೊಡ್ಡ ಸಂಪಿಗೆ ಮರಕ್ಕೂ ಪೂಜೆ ಉಂಟು. ಬೇರೆ ಊರಿನಲ್ಲಿ ಮನೆ ಕಟ್ಟಿಕೊಟ್ಟರೂ ಇವುಗಳನ್ನು ಹೊತ್ತೊಯ್ಯಲಾಗದು. ನಮ್ಮೂರಿನ ಖಬರಸ್ತಾನ ದಾಟುವಾಗ ಅಜ್ಜನಿಗಾಗಿ ದುವಾ ಮಾಡುವ ನನಗೆ ಇದು ಬೇಗ ಅರ್ಥವಾಯಿತು.

2011ರ ಆರಂಭದಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳೂ ಸಿಕ್ಕವು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವ ಹಕ್ಕು ಅದರಲ್ಲಿ ಸೇರಿದೆ. ಹುಲಿಯ ನೆಲೆಯಿಂದ ಯಾರನ್ನಾದರೂ ಸ್ಥಳಾಂತರಿಸಬೇಕಾದರೆ ಅವರ ಗ್ರಾಮಸಭೆಯ ಒಪ್ಪಿಗೆ ಬೇಕು ಎಂದು ಕಾನೂನೇ ಹೇಳುತ್ತದೆ.

ಬಹುಮಾನ ಬಂದ ನನ್ನ ಭಾಷಣವನ್ನು ಮತ್ತೆ ತೆಗೆದು ನೋಡಿದೆ. ‘ಒಪ್ಪಿಗೆ’ ಎಂಬ ಪದ ಅದರಲ್ಲಿ ಒಮ್ಮೆಯೂ ಇರಲಿಲ್ಲ.