ಹುಗ್ಗಿಯ ಗೋಧಿ

ಕಳೆದ ದೀಪಾವಳಿಯಲ್ಲಿ ಮನೆಗೆ ಬಂದ ಬೀಗರಿಗೆ ಗೋಧಿಯ ಹುಗ್ಗಿಯನ್ನು ಬಡಿಸಬೇಕೆಂದು ಎಣಿಸಿ, ಕಿರಾಣಿ ಅಂಗಡಿಯಿಂದ ಎರಡು ಕಿಲೋ ಇಡೀ ಗೋಧಿಯನ್ನು ತರಿಸಿದೆವು. ಎರಡು ತಾಸು ಒಲೆಯ ಮೇಲಿದ್ದರೂ ಕಾಳು ಕಾಳಾಗಿಯೇ ಉಳಿಯಿತು. ಬೆಲ್ಲ ಬಿದ್ದ ಮೇಲಂತೂ ಹಟ ಹಿಡಿದ ಕೂಸಿನಂತೆ ಇನ್ನಷ್ಟು ಬಿರುಸಾಯಿತು. ಬೀಗರು ಸಜ್ಜನರು, ಚೆನ್ನಾಗಿದೆಯೆಂದರು, ಆದರೆ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಎಂಬತ್ತು ದಾಟಿದ ನಮ್ಮ ತಾಯಿಯವರು ಅದನ್ನು ಅಗಿಯಲಾರದೆ ಬಟ್ಟಲನ್ನು ಮೆಲ್ಲಗೆ ಬದಿಗೆ ಸರಿಸಿದರು. ಅವರು ಐವತ್ತು ವರುಷ ಮಾಡಿ ಬಡಿಸಿದ ಹುಗ್ಗಿ ಅದು; ಅದನ್ನು ಮಾಡುವ ಬಗೆಯನ್ನು ನಾವಾರೂ ಅವರಿಂದ ಕೇಳಿ ತಿಳಿದಿರಲಿಲ್ಲ.

ಮುಂದಿನ ಸಂತೆಯಲ್ಲಿ ಕಾಳುಕಡಿ ಮಾರುವ ಮುದುಕಿಯೊಬ್ಬಳಿಗೆ ಮನೆಯವರು ಈ ಗೋಳನ್ನು ಹೇಳಿಕೊಂಡಾಗ, ಅವಳು ನಕ್ಕು, "ಅದು ಚಪಾತಿ ಗೋದಿ ಯವ್ವಾ. ಹುಗ್ಗಿಗೆ ಜವಿಗೋದಿ ಒಯ್ಯಿ. ಕುಟ್ಟಲಾರದ ಗೋದಿ ಹುಗ್ಗಿ ಆಗಂಗಿಲ್ಲ" ಎಂದಳು.

ನಮ್ಮ ನಾಡಿನಲ್ಲಿ ಬೆಳೆಯುವ ಗೋಧಿ ಮೂರು ಜಾತಿಯದು. ಚಪಾತಿಯ ಹಿಟ್ಟಿಗೆ ಬಳಸುವ ದುಂಡನೆಯ ಕಾಳಿನದು ಒಂದು, ರವೆ, ಶಾವಿಗೆಗಳಿಗೆ ಒದಗುವ ಗಟ್ಟಿ ಗೋಧಿ ಇನ್ನೊಂದು, ಮೂರನೆಯದೇ ಜವೆಗೋಧಿ. ಸದಕವೆಂದೂ, ಮರಾಠಿ ಸೀಮೆಯಲ್ಲಿ ಖಪಲಿಯೆಂದೂ ಇದಕ್ಕೆ ಹೆಸರು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳ ರೈತರು ಇದನ್ನು ಇಂದಿಗೂ ಬಿತ್ತುತ್ತಾರೆ. ಮನುಷ್ಯನು ಸುಮಾರು 10,000 ವರುಷಗಳ ಹಿಂದೆ ಪಶ್ಚಿಮ ಏಷ್ಯದಲ್ಲಿ ಮೊದಮೊದಲು ಬೆಳೆಸಿದ ಧಾನ್ಯಗಳಲ್ಲಿ ಇದೂ ಒಂದು. ಪ್ರಾಚೀನ ಈಜಿಪ್ಟಿನವರ ರೊಟ್ಟಿಯೂ ಇದರದೇ. ಕಣದಲ್ಲಿ ಎಷ್ಟು ಬಡಿದರೂ ಇದರ ಹೊಟ್ಟು ಬಿಡದು. ಸಾಮಾನ್ಯವಾಗಿ ಎರಡೆರಡು ಕಾಳು ಒಂದೇ ಸಿಪ್ಪೆಯೊಳಗೆ ಅವಿತಿರುತ್ತವೆ. ಶಾಸ್ತ್ರಜ್ಞರು ಇದಕ್ಕಿಟ್ಟ ಡೈಕಾಕಮ್ ಎಂಬ ಹೆಸರಿನ ಅರ್ಥವೂ ಎರಡು ಕಾಳಿನದೆಂದೇ. ಅಂಗಡಿಯಲ್ಲಿ ದೊರೆಯುವುದು ಯಂತ್ರದಿಂದ ಸುಲಿದದ್ದು. ಕೆಂಪು ಛಾಯೆಯ, ನೀಳವಾಗಿ ಎರಡೂ ತುದಿ ಚೂಪಾದ ಕಾಳನ್ನು ನೋಡಿ ಕೊಳ್ಳತಕ್ಕದ್ದು. ಬಿತ್ತನೆಗೆಂದು ಔಷಧ ಸವರಿದ, ಬಣ್ಣ ಹತ್ತಿದ ಬೀಜವನ್ನು ಮಾತ್ರ ಅಗ್ಗವಾಗಿ ಸಿಕ್ಕಿದರೂ ಅಡಿಗೆಮನೆಗೆ ತರಬಾರದು. ತೊಳೆದರೂ ಅದು ವಿಷವೇ.

ಕುಟ್ಟುವುದನ್ನು ತಾಯಿಯವರೇ ಕುಳಿತು ಹೇಳಿಕೊಟ್ಟರು. ಗೋಧಿಯ ಮೇಲೆ ನೀರನ್ನು ಚಿಮುಕಿಸಿ, ಕೈಯಿಂದ ಕಲಸಿ, ಕಾಲು ತಾಸು ಮುಚ್ಚಿಡಬೇಕು. ಮೇಲಿನ ತೊಗಲು ನೆನೆಯಬೇಕು, ಒಳಗಿನ ತಿರುಳು ನೆನೆಯಬಾರದು. ಅನಂತರ ಒರಳಿಗೆ ಹಾಕಿ, ಕಾಳು ಒಡೆಯದಂತೆ ಹಗುರವಾಗಿ ಒನಕೆಯಾಡಿಸಿ, ನೆರಳಿನಲ್ಲಿ ಆರಿಸಿ, ಮೊರದಿಂದ ಕೇರಬೇಕು. ಒರಳಿಲ್ಲದ ಮನೆಯಲ್ಲಿ ಮಿಕ್ಸರನ್ನು ತಟ್ಟನೆ ತಿರುಗಿಸಿ ನಿಲ್ಲಿಸುತ್ತ ನಾಲ್ಕೈದು ಸಲ ಆಡಿಸಿದರೂ ಸಾಗುವುದು. ಕಾಳಿನ ತೂಕದಲ್ಲಿ ತೌಡಿನ ಪಾಲು ನೂರಕ್ಕೆ 14ರಷ್ಟು. ನಾರೆಲ್ಲ ಹೆಚ್ಚಾಗಿ ಅದರಲ್ಲಿಯೇ ಇರುವುದು. ನೀರನ್ನು ಒಳಗೆ ಬೇಗ ಬಿಡದೆ ತಡೆಯುವುದೂ ಆ ತೊಗಲೇ. ಆದಕಾರಣ ಅಷ್ಟನ್ನೂ ಕಿತ್ತೊಗೆಯದೆ ಅಲ್ಲಲ್ಲಿ ಸುಲಿದರೆ ಸಾಕು ಎಂಬುದು ನಮ್ಮ ಎಣಿಕೆ. ತಾಯಿಯವರಿಗೆ ಇದು ಒಪ್ಪಿಗೆಯಿಲ್ಲ. ಅವರಿಗೆ ಕಾಳು ಬೆಳ್ಳಗೆ ಬರಬೇಕು.

ಕುಟ್ಟಿದ ಒಂದು ಬಟ್ಟಲು ಗೋಧಿಯನ್ನು ಇರುಳೆಲ್ಲ ನೆನೆಯಿಟ್ಟು, ನಾಲ್ಕು ಬಟ್ಟಲು ನೀರಿನಲ್ಲಿ ಕುಕ್ಕರಿನಲ್ಲಿಟ್ಟು ಆರೇಳು ಕೂಗು ಕೂಗಿಸಬೇಕು. ಬೆರಳಲ್ಲಿ ಹಿಸುಕಿದರೆ ಕಾಳು ನುಣ್ಣಗಾಗಬೇಕು. ಆಗದಿದ್ದರೆ ಮತ್ತೆ ಬೇಯಿಸಿರಿ, ಅವಸರಪಟ್ಟು ಬೆಲ್ಲವನ್ನು ಹಾಕಬೇಡಿರಿ. ಬೆಲ್ಲ ಬಿದ್ದ ಮೇಲೆ ಬೇಯದ ಕಾಳು ಮೆತ್ತಗಾಗುವುದು ಬಹು ಕಷ್ಟ. ನಾವು ದೀಪಾವಳಿಯಲ್ಲಿ ಮಾಡಿದ ಎರಡನೆಯ ತಪ್ಪು ಇದೇ. ಬೆಂದ ಕಾಳನ್ನು ಸೌಟಿನಿಂದ ಅರ್ಧದಷ್ಟು ಮಸೆದು, ಅಳತೆಗೆ ಅಳತೆ ಬೆಲ್ಲ ಸೇರಿಸಿ, ಕೊಬ್ಬರಿಯ ತುರಿ, ಹುರಿದ ಗಸಗಸೆ, ಏಲಕ್ಕಿ, ಒಣಶುಂಠಿಗಳನ್ನು ಹಾಕಿ ಕುದಿಸಿ ಇಳಿಸಬೇಕು. ಹಾಲನ್ನು ಬಡಿಸುವಾಗ ಎಲೆಯಲ್ಲಿಯೇ ಹಾಕುವುದು ಲೇಸು; ಕುದಿಯುವ ಬೆಲ್ಲಕ್ಕೆ ಹಾಕಿದರೆ ಒಡೆಯುವುದುಂಟು. ತುಪ್ಪದ ವಿಷಯದಲ್ಲಿ ಕೈ ಬಿಗಿ ಹಿಡಿಯುವವರು ಹುಗ್ಗಿಯನ್ನು ಮಾಡದಿರುವುದೇ ಮೇಲು.

ಜವೆಗೋಧಿಯನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ಹೇಳಿ ಮಾರುವವರ ಮಾತನ್ನು ವಾಚಕರು ಪೂರ್ತಿ ನಂಬಬಾರದು. ಇಡೀ ಕಾಳು ನಿಧಾನವಾಗಿ ಜೀರ್ಣವಾಗುವುದು ನಿಜ. ಆದರೆ ಅದೂ ಪಿಷ್ಟವೇ, ಮೇಲೆ ಬೆಲ್ಲ ಬೇರೆ. ಅಂಥವರಿಗೆ ಬೆಂದ ಕಾಳನ್ನು ಬೆಲ್ಲಕ್ಕೆ ಮುಂಚೆಯೇ ತೆಗೆದಿಟ್ಟು, ಮಜ್ಜಿಗೆ, ಉಪ್ಪು, ಸಾಸಿವೆಯ ಒಗ್ಗರಣೆಯೊಡನೆ ಹಿತಮಿತವಾಗಿ ಕೊಡಬಹುದು. ಗೋಧಿಯ ಅಂಟು ಒಗ್ಗದವರಿಗೆ ಈ ಜಾತಿಯೂ ಸಲ್ಲದು.

ಸಂಕ್ರಾಂತಿಗೆ ಮತ್ತೆ ಮಾಡಿದೆವು. ತಾಯಿಯವರು ಬೆಲ್ಲ ತುಸು ಕಡಿಮೆಯೆಂದು ಹೇಳುತ್ತಲೇ ಬಟ್ಟಲನ್ನು ಬರಿದುಮಾಡಿದರು. ಉಳಿದದ್ದು ಮರುದಿನ ಗಟ್ಟಿಯಾಗಿತ್ತು. ಬೆಚ್ಚಗಿನ ಹಾಲು ಬೆರೆಸಿ ಸಡಿಲಿಸಿಕೊಂಡು ಮುಂಜಾನೆಯ ಉಪಾಹಾರಕ್ಕೆ ಎಲ್ಲರೂ ತಿಂದೆವು.